ಬನ್ನಿ ಯಾವುದು, ಬಳ್ಳಾರಿ ಜಾಲಿ ಯಾವುದು: ಬಯಲುಸೀಮೆಯ ಗಿಡಗಳನ್ನು ಜೋಡಿಯಾಗಿ ಕಲಿಯುವ ಬಗೆ

ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆಯ ಯಾವುದಾದರೂ ಗೋಮಾಳದಲ್ಲಿ ಅರ್ಧ ಗಂಟೆ ನಡೆದು ನೋಡಿ. ಕಾಲಿಗೆ ತಾಕುವ ಗಿಡಗಳಲ್ಲಿ ಬಹಳಷ್ಟು ಅಮೆರಿಕ ಖಂಡದಿಂದ ಬಂದವು. ಪಾರ್ಥೇನಿಯಂ, ಲಂಟಾನ, ಗಬ್ಬು ಶಾವಂತಿಗೆ, ನಾಯಿತುಳಸಿ, ಬಳ್ಳಾರಿ ಜಾಲಿ, ಕೊನೆಗೆ ಗುಡ್ಡದ ಓರೆಯಲ್ಲಿ ತಾನಾಗಿ ಬೆಳೆದು ಹಣ್ಣು ಕೊಡುವ ಸೀತಾಫಲ ಕೂಡ. ಇವುಗಳ ಸಂದಿಯಲ್ಲೇ ತಂಗಡಿ, ತುಂಬೆ, ಲಕ್ಕಿ, ಬಂದರಿಕೆ, ಕವಳಿ ನಿಂತಿರುತ್ತವೆ. ಇವು ಈ ನೆಲದವು. ಸ್ವಚ್ಛ ಮಾಡುತ್ತೇವೆಂದು ಜೆಸಿಬಿ ತಂದಾಗ ಎರಡೂ ಬಗೆಯವು ಒಟ್ಟಿಗೆ ಹೋಗುತ್ತವೆ. ಮುಂದಿನ ಮಳೆಗೆ ಮೊದಲು ಚಿಗುರುವುದು ಮಾತ್ರ ಪಾರ್ಥೇನಿಯಂ. ತಂಗಡಿ ಮತ್ತೆ ತಲೆಯೆತ್ತಲು ವರ್ಷಗಳು ಬೇಕು. ಇದನ್ನು ನಮ್ಮೂರ ಕೆರೆ ಏರಿಯ ಮೇಲೆ ಕಣ್ಣಾರೆ ಕಂಡಮೇಲೆ, ಕಳೆ ಕೀಳುವ ಮುನ್ನ ಗಿಡ ಗುರುತಿಸುವುದನ್ನು ಕಲಿಸಬೇಕು ಎನ್ನಿಸಿ ಊರಿನ ಮಕ್ಕಳನ್ನು ಕರೆದುಕೊಂಡು ಹೋಗಲು ಶುರು ಮಾಡಿದೆ. ಅವರಿಗೆ ಹೇಳಿಕೊಡುವ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರೀತಿ ಸರಳ. ಗಿಡಗಳನ್ನು ಒಂಟಿಯಾಗಿ ಕಲಿಯಬೇಡಿ, ಜೋಡಿಯಾಗಿ ಕಲಿಯಿರಿ. ಹೊರಗಿನಿಂದ ಬಂದ ಹೆಚ್ಚಿನ ಗಿಡಗಳಿಗೆ ಇಲ್ಲೇ ಅದನ್ನು ಹೋಲುವ, ಅಥವಾ ಅದು ನಿಂತ ಜಾಗದಲ್ಲೇ ನಿಲ್ಲುವ ಇನ್ನೊಂದು ಗಿಡ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು, ಯಾವ ಒಂದು ಗುರುತು ಇವನ್ನು ಬೇರೆ ಮಾಡುತ್ತದೆ ಎಂದು ಹುಡುಕಿ. ಆ ಗುರುತು ಕೈಗೆ ಹತ್ತಿದರೆ ಮರೆಯುವುದಿಲ್ಲ. ಇದನ್ನು ನಾನು ಕಲಿತದ್ದು ನಮ್ಮ ಅತ್ತೆಯಿಂದ. ಬೆರಕೆ ಸೊಪ್ಪು ಕೀಳಲು ಹೋದಾಗ ಅವರು ಎಲೆಯನ್ನು ದೂರದಿಂದ ನೋಡಿ ಮಡಿಲಿಗೆ ಹಾಕಿಕೊಂಡವರೇ ಅಲ್ಲ. “ಎಲೆ ಎಲ್ಲಾದ್ಕೂ ಹಂಗೇ ಇರ್ತದೆ ಕಣಮ್ಮ, ಕಡ್ಡಿ ಮುರ್ದು ನೋಡು” ಅನ್ನುತ್ತಿದ್ದರು.

ಮೊದಲು ಕೈಗೆ ಕೆಲಸ

ಗಿಡದ ಮುಂದೆ ಕೂತುಕೊಳ್ಳಿ. ನಿಂತು ನೋಡಿದರೆ ಹಸಿರು ಕಾಣುತ್ತದೆ, ಗಿಡ ಕಾಣುವುದಿಲ್ಲ. ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿವೆಯೋ, ಒಂದು ಈ ಕಡೆ ಒಂದು ಆ ಕಡೆ ಬಂದಿವೆಯೋ ಮೊದಲು ನೋಡಿ. ಆಮೇಲೆ ಕಡ್ಡಿಯನ್ನು ಎರಡು ಬೆರಳ ನಡುವೆ ಉರುಳಿಸಿ. ಉರುಳಿದರೆ ಗುಂಡಗಿದೆ, ತಡೆದು ತಡೆದು ಉರುಳಿದರೆ ಚೌಕವಾಗಿದೆ. ಚೌಕದ ಕಡ್ಡಿ, ಎದುರುಬದುರು ಎಲೆ, ಉಜ್ಜಿದರೆ ವಾಸನೆ, ಈ ಮೂರೂ ಸೇರಿದರೆ ನೀವು ತುಳಸಿಯ ಬಳಗದಲ್ಲೋ ಲಂಟಾನದ ಬಳಗದಲ್ಲೋ ಇದ್ದೀರಿ ಎಂದು ಹೆಚ್ಚುಕಡಿಮೆ ಹೇಳಬಹುದು.

ಮೂರನೆಯದು ಮುರಿದಾಗ ಏನು ಸುರಿಯುತ್ತದೆ ಎಂಬುದು. ಎಕ್ಕ ಮತ್ತು ಕಳ್ಳಿ ಬಿಳಿ ಹಾಲು ಕೊಡುತ್ತವೆ. ಅರಿಶಿನ ಉಮ್ಮತ್ತಿಯದು ಹಳದಿ ಹಾಲು. ಗರುಗದ ಕಡ್ಡಿಯನ್ನು ಜಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ರಸ ಕಪ್ಪಾಗುತ್ತದೆ. ಹಾಲು ಬಂದ ಕೈಯನ್ನು ಕಣ್ಣಿಗೆ ಮುಟ್ಟಿಸಲೇಬಾರದು. ಎಕ್ಕದ ಹಾಲಾಗಲಿ ಕಳ್ಳಿಯ ಹಾಲಾಗಲಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳ ಜೊತೆ ಹೋಗುವಾಗ ಒಂದು ಬಾಟಲಿ ನೀರು ಇದಕ್ಕೆಂದೇ ಇಟ್ಟುಕೊಳ್ಳುತ್ತೇನೆ. ರುಚಿ ನೋಡಿ ಗುರುತಿಸುವುದು ಬೇಡವೇ ಬೇಡ.

ನಾಲ್ಕನೆಯದು ಮುಳ್ಳು ಎಲ್ಲಿಂದ ಹೊರಟಿದೆ ಎಂಬುದು. ಎಲೆಯ ಬುಡದಿಂದಲೇ ಜೋಡಿಯಾಗಿ ಹೊರಟಿದೆಯೋ, ಗೆಣ್ಣು ಗೆಣ್ಣಿನ ನಡುವೆ ಚೆದುರಿದೆಯೋ, ನೇರವಾಗಿದೆಯೋ, ಕೊಕ್ಕೆಯಾಗಿದೆಯೋ. ಜಾಲಿಗಳನ್ನು ಬಿಡಿಸುವುದೇ ಇದರಿಂದ.

ಇಷ್ಟನ್ನು ಮಾಡುವ ತನಕ ಹೆಸರು ಕೇಳಬೇಡಿ, ಹೇಳಬೇಡಿ. ಊರ ಹೆಸರುಗಳು ಪ್ರೀತಿಯವು, ಆದರೆ ಒಂದೇ ಹೆಸರು ಎರಡು ಗಿಡಕ್ಕೆ ಓಡಾಡುತ್ತದೆ. ನಾಯಿತುಳಸಿ ಎಂದರೆ ಕೆಲವು ಕಡೆ ಹಿಪ್ಟಿಸ್, ಕೆಲವು ಕಡೆ ಅಜೆರೇಟಂ. ಬನ್ನಿ ಎಂಬ ಹೆಸರಿನಲ್ಲಿ ಬೇರೊಂದು ಜಾಲಿ ಜಾತಿಯ ಮರಕ್ಕೆ ಪೂಜೆ ಮಾಡುವ ಊರುಗಳಿವೆ. ಆದ್ದರಿಂದ ಪುಸ್ತಕದಲ್ಲಿ ಊರ ಹೆಸರಿನ ಪಕ್ಕದಲ್ಲೇ ಸಸ್ಯಶಾಸ್ತ್ರದ ಹೆಸರನ್ನೂ ಬರೆಸುತ್ತೇನೆ. ಮಕ್ಕಳಿಗೆ ಅದು ಕಷ್ಟವಾಗುವುದಿಲ್ಲ, ದೊಡ್ಡವರಿಗಿಂತ ಬೇಗ ಬಾಯಿಗೆ ಬರುತ್ತದೆ.

ಮೂರು ಮುಳ್ಳಿನ ಮರಗಳು

ಬಯಲುಸೀಮೆಯಲ್ಲಿ ಗಿಡ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬನ್ನಿ, ಬಳ್ಳಾರಿ ಜಾಲಿ, ಕರಿಜಾಲಿ. ಮೂರಕ್ಕೂ ಸಣ್ಣ ಸಣ್ಣ ಎಲೆಗಳ ಗರಿ, ಮೂರಕ್ಕೂ ಮುಳ್ಳು, ಮೂರಕ್ಕೂ ಕಾಯಿ. ವಿಜಯದಶಮಿಯ ದಿನ ಬನ್ನಿ ಎಲೆ ತರಲು ಕಳಿಸಿದರೆ ಹುಡುಗರು ಬಳ್ಳಾರಿ ಜಾಲಿಯ ಸೊಪ್ಪು ತರಿದುಕೊಂಡು ಬಂದದ್ದುಂಟು. ಎರಡೂ ಹತ್ತಿರದ ಸಂಬಂಧಿಗಳೇ. ಬನ್ನಿ ಪ್ರೊಸೋಪಿಸ್ ಸಿನರೇರಿಯಾ, ಬಳ್ಳಾರಿ ಜಾಲಿ ಪ್ರೊಸೋಪಿಸ್ ಜೂಲಿಫ್ಲೋರಾ. ಹೂವೂ ಒಂದೇ ಥರ, ಬೆರಳುದ್ದದ ಹಳದಿ ಕುಚ್ಚು. ಆದ್ದರಿಂದ ಹೂ ನೋಡಿ ಬೇರೆ ಮಾಡಲು ಹೋಗಬೇಡಿ.

ಮುಳ್ಳು ನೋಡಿ. ಬಳ್ಳಾರಿ ಜಾಲಿಯಲ್ಲಿ ಎಲೆ ಹೊರಡುವ ಗೆಣ್ಣಿನಲ್ಲೇ ಗಟ್ಟಿಯಾದ, ಉದ್ದನೆಯ ಮುಳ್ಳು, ಸಾಮಾನ್ಯವಾಗಿ ಜೋಡಿಯಾಗಿ. ಬನ್ನಿಯಲ್ಲಿ ಗೆಣ್ಣು ಖಾಲಿ. ಗೆಣ್ಣುಗಳ ನಡುವಿನ ಕಡ್ಡಿಯ ಮೇಲೆ, ಬುಡ ಅಗಲವಾಗಿರುವ ಮೊಂಡು ಮುಳ್ಳುಗಳು ಅಲ್ಲಲ್ಲಿ ಚೆದುರಿರುತ್ತವೆ. ಕಾಯಿ ಸಿಕ್ಕರಂತೂ ಅನುಮಾನವೇ ಉಳಿಯುವುದಿಲ್ಲ. ಬನ್ನಿಯದು ಸಣಕಲಾಗಿ, ಕಡ್ಡಿಯ ಹಾಗೆ ಜೋತುಬಿದ್ದ ಕಾಯಿ. ಬಳ್ಳಾರಿ ಜಾಲಿಯದು ದಪ್ಪ ಅಂಚಿನ, ಹಣ್ಣಾದಾಗ ಹಳದಿಗೆ ತಿರುಗುವ ಸಿಹಿ ಕಾಯಿ. ಆಡುಕುರಿಗಳು ಅದನ್ನು ಆಸೆಪಟ್ಟು ತಿನ್ನುತ್ತವೆ. ಬೀಜ ಅರಗದೆ ಹಿಕ್ಕೆಯಲ್ಲಿ ಹೊರಬಿದ್ದು ಅಲ್ಲೇ ಹುಟ್ಟುತ್ತದೆ. ಕುರಿಹಟ್ಟಿಯಿಂದ ಕುರಿಹಟ್ಟಿಗೆ ಅದು ಹಬ್ಬಿದ ದಾರಿ ಇದು.

ಬಳ್ಳಾರಿ ಜಾಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯದು. 1877ರ ಸುಮಾರಿಗೆ ಸೌದೆಗೆಂದು, ಒಣನೆಲಕ್ಕೆ ಹಸಿರು ಬರಲೆಂದು ಕಡಪದ ಕಡೆ ಇದರ ಬೀಜ ತಂದರು. ಕಡಿದಷ್ಟೂ ಬುಡದಿಂದ ಪೊದೆಯಾಗಿ ಚಿಗುರುತ್ತದೆ. ಕೆರೆಯ ಅಂಗಳ ಹಿಡಿದರೆ ಬಿಡಿಸುವುದು ಬಹಳ ಕಷ್ಟ. ಬನ್ನಿ ಹಾಗಲ್ಲ, ನಿಧಾನವಾಗಿ ಬೆಳೆಯುತ್ತದೆ, ಹೊಲದ ನಡುವೆ ನಿಂತರೂ ರಾಗಿಗೆ ತೊಂದರೆ ಕೊಡುವುದಿಲ್ಲ. ಅದನ್ನು ಗುರುತಿಸಲು ಬಾರದೆ ಬಳ್ಳಾರಿ ಜಾಲಿಯ ಜೊತೆ ಕಡಿಸಿಬಿಟ್ಟರೆ ಆ ನಷ್ಟ ಒಂದು ತಲೆಮಾರಿನದು.

ಇನ್ನು ಕರಿಜಾಲಿ, ನಮ್ಮ ಗೊಬ್ಬಳಿ. ಹಳದಿ ಚೆಂಡು ಹೂ, ಬೆಳ್ಳಗಿನ ನೇರ ಜೋಡಿ ಮುಳ್ಳು, ಮಣಿಸರದ ಹಾಗೆ ಬೀಜ ಬೀಜಕ್ಕೆ ಇಕ್ಕಟ್ಟಾದ ಬೂದು ಕಾಯಿ. ಕುಚ್ಚು ಹೂವಾದರೆ ಬನ್ನಿಯ ಬಳಗ, ಚೆಂಡು ಹೂವಾದರೆ ಜಾಲಿಯ ಬಳಗದ ಕಡೆ ನೋಡಿ ಎಂದು ಶುರುವಿಗೆ ಹೇಳಿಕೊಡುತ್ತೇನೆ. ಕುಚ್ಚು ಹೂವಿನ ಜಾಲಿಗಳೂ ಇವೆ. ಆದರೆ ಮೊದಲ ಮಳೆಗಾಲಕ್ಕೆ ಇಷ್ಟು ಸಾಕು.

ಹೊನಗೊನ್ನೆ ಎಂದು ಕೀಳುವ ಮುನ್ನ

ಇದು ಅಡುಗೆಮನೆಗೆ ಸಂಬಂಧಿಸಿದ್ದರಿಂದ ಎಲ್ಲರೂ ಕಲಿಯಲೇಬೇಕಾದದ್ದು. ಹೊನಗೊನ್ನೆ, ಆಲ್ಟರ್ನಾಂಥೆರಾ ಸೆಸ್ಸಿಲಿಸ್, ಕೆರೆಯಂಚಿನಲ್ಲಿ, ಗದ್ದೆ ಬದುವಿನಲ್ಲಿ ಹರಡಿಕೊಳ್ಳುತ್ತದೆ. ಎದುರುಬದುರು ಎಲೆ, ಎಲೆಯ ಕಂಕುಳಲ್ಲಿ ಬಿಳಿ ಹೂವಿನ ಪುಟ್ಟ ಗುಂಡು. ಇದರದೇ ಕುಲದ ಇನ್ನೊಂದು, ಆಲ್ಟರ್ನಾಂಥೆರಾ ಫಿಲಾಕ್ಸೆರಾಯ್ಡಿಸ್, ದಕ್ಷಿಣ ಅಮೆರಿಕದಿಂದ ಬಂದದ್ದು. ಊರಿನ ಕೊಳಕು ನೀರು ಸೇರುವ ಕೆರೆಗಳಲ್ಲಿ ಚಾಪೆ ಹಾಸಿದಂತೆ ತೇಲಿ ಹಬ್ಬುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಇದು ಧಾರಾಳ. ಹೊನಗೊನ್ನೆ ಎಂದೇ ತಿಳಿದು ಕಿತ್ತು ಕಟ್ಟು ಮಾಡುವವರೂ ಇದ್ದಾರೆ.

ಬೇರೆ ಮಾಡುವುದು ಸುಲಭ. ಹೂವಿನ ಗುಂಡನ್ನು ಹಿಡಿದು ಮೆಲ್ಲಗೆ ಎಳೆಯಿರಿ. ನಮ್ಮ ಹೊನಗೊನ್ನೆಯಲ್ಲಿ ಅದು ಕಡ್ಡಿಗೇ ಅಂಟಿಕೊಂಡಿದೆ, ತೊಟ್ಟಿಲ್ಲ. ಹೊರಗಿನದರಲ್ಲಿ ಹೂಗುಂಡಿಗೆ ಉದ್ದನೆಯ ತೊಟ್ಟಿದೆ, ಗುಂಡೂ ದೊಡ್ಡದು. ಕಡ್ಡಿ ಮುರಿದರೆ ಅದು ಒಳಗೆ ಟೊಳ್ಳು. ಹೂವಿಲ್ಲದ ಕಾಲದಲ್ಲಿ ಈ ಟೊಳ್ಳನ್ನು ನೋಡಿಯೇ ಅನುಮಾನಪಡಬೇಕು.

ಸರಿಯಾದ ಹೊನಗೊನ್ನೆಯೇ ಆದರೂ ಚರಂಡಿ ನೀರು ಸೇರುವ ಕೆರೆಯಿಂದ ಕೀಳಬೇಡಿ. ಕೊಳಕು ನೀರಿನಲ್ಲಿರುವ ಸೀಸದಂಥ ಲೋಹಗಳು ಸೊಪ್ಪಿಗೆ ಸೇರುತ್ತವೆ. ತೊಳೆದರೆ ಅವು ಹೋಗುವುದಿಲ್ಲ.

ಗರುಗ ಮತ್ತು ಗಬ್ಬು ಶಾವಂತಿಗೆ

ಕೂದಲಿಗೆ ಎಣ್ಣೆ ಕಾಯಿಸಲು ಗರುಗ ಬೇಕು ಎಂದು ಹುಡುಕುವವರು ಗಬ್ಬು ಶಾವಂತಿಗೆಯನ್ನು ತರುವುದು ಹೆಚ್ಚು. ಎರಡೂ ನೆಲಕ್ಕೆ ಹತ್ತಿ ಬೆಳೆಯುತ್ತವೆ, ಎರಡಕ್ಕೂ ಬೆಳ್ಳಗಿನ ಪುಟ್ಟ ಹೂ. ಗಬ್ಬು ಶಾವಂತಿಗೆ, ಅಂದರೆ ಟ್ರೈಡ್ಯಾಕ್ಸ್, ಉದ್ದನೆಯ ಒಂಟಿ ಕಾಂಡದ ತುದಿಯಲ್ಲಿ ಒಂದೇ ಹೂ ಎತ್ತಿ ಹಿಡಿಯುತ್ತದೆ. ನಡುವೆ ಹಳದಿ, ಸುತ್ತ ಸುಮಾರು ಐದು ಕೆನೆಬಣ್ಣದ ಎಸಳು, ಒಂದೊಂದರ ತುದಿಯೂ ಮೂರಾಗಿ ಸೀಳಿದೆ. ಬೀಜಕ್ಕೆ ಪುಕ್ಕವಿದೆ, ಊದಿದರೆ ಹಾರುತ್ತದೆ. ಒಣನೆಲ, ರಸ್ತೆಯಂಚು, ತಾರಸಿಯ ಬಿರುಕು ಇದಕ್ಕೆ ಸಾಕು. ಇದು ಅಮೆರಿಕದ ಬಿಸಿ ಪ್ರದೇಶಗಳಿಂದ ಬಂದ ಗಿಡ.

ಗರುಗಕ್ಕೆ ತೇವ ಬೇಕು. ಕಾಲುವೆ ಪಕ್ಕ, ತೆಂಗಿನ ತೋಟದ ಪಾತಿ ಇದರ ಜಾಗ. ಹೂವಿನಲ್ಲಿ ಹಳದಿ ಇಲ್ಲ, ಸುತ್ತಲಿನ ಎಸಳುಗಳು ನೂಲಿನಷ್ಟು ಸಣ್ಣ. ಹೂ ಮುಗಿದ ಮೇಲೆ ಹಸಿರು ಗುಂಡಿಯಂಥ ಕಾಯಿ ಉಳಿಯುತ್ತದೆ, ಹಾರುವ ಪುಕ್ಕವಿಲ್ಲ. ಕೊನೆಯ ಪರೀಕ್ಷೆ ಅತ್ತೆ ಹೇಳಿದ್ದು: ಎಲೆಯನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ನಾಲ್ಕು ಹೆಜ್ಜೆ ನಡೆಯಿರಿ, ಅಂಗೈ ಕಪ್ಪಾಗಿದ್ದರೆ ಅದು ಗರುಗ. ಆಯುರ್ವೇದದ ಭೃಂಗರಾಜ ಇದೇ. ಶತಮಾನಗಳಿಂದ ಈ ನೆಲದ ಬಳಕೆಯಲ್ಲಿರುವ ಗಿಡ.

ಬೇಲಿಯಲ್ಲಿ: ಲಕ್ಕಿ ಮತ್ತು ಲಂಟಾನ

ಲಂಟಾನವನ್ನು ಗುರುತಿಸದವರಿಲ್ಲ. ಚೌಕ ಕಡ್ಡಿ, ಹಿಂದಕ್ಕೆ ಬಾಗಿದ ಮುಳ್ಳು, ಉಜ್ಜುಕಾಗದದಂಥ ಎಲೆ, ಒಂದೇ ಗೊಂಚಲಿನಲ್ಲಿ ಹಳದಿಯಿಂದ ಕೆಂಪಿಗೋ ಗುಲಾಬಿಗೋ ತಿರುಗುವ ಹೂಗಳು. 1800ರ ನಂತರದ ಮೊದಲ ದಶಕದಲ್ಲಿ ಕಲ್ಕತ್ತೆಯ ಬಟಾನಿಕಲ್ ಗಾರ್ಡನ್‌ಗೆ ಅಲಂಕಾರದ ಗಿಡವಾಗಿ ಬಂದದ್ದು ಇಂದು ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಕಾಡುಗಳ ಒಳಗೆಲ್ಲ ತುಂಬಿದೆ. ಮಾಗಿದ ಕಪ್ಪು ಹಣ್ಣನ್ನು ಪಿಕಳಾರಗಳು ತಿಂದು ಬೀಜವನ್ನು ಎಲ್ಲೆಡೆ ಉದುರಿಸುತ್ತವೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಮೇಜು, ಆನೆಯ ಗಾತ್ರದ ಆನೆಗಳನ್ನೇ ಕಟ್ಟಿದ್ದಾರೆ. ಕಾಡಿಗೆ ಬೇಡವಾದದ್ದರಿಂದ ಅನ್ನ ದುಡಿಯುವ ಆ ಕೈಗಳ ಬಗ್ಗೆ ನನಗೆ ಬಹಳ ಗೌರವ.

ಅದರ ಜೋಡಿ ಲಕ್ಕಿ. ಇದಕ್ಕೂ ಕಡ್ಡಿ ಚೌಕ, ಎಲೆ ಎದುರುಬದುರು, ಉಜ್ಜಿದರೆ ಘಾಟು. ಆದರೆ ಮುಳ್ಳಿಲ್ಲ. ಎಲೆ ಒಂದಾಗಿರದೆ ಮೂರೋ ಐದೋ ಬೆರಳಾಗಿ ಬಿಡಿಸಿಕೊಂಡಿದೆ, ತಿರುವಿದರೆ ಬೂದುಬಿಳಿ. ಹೂ ತೆಳು ನೀಲಿ. ಧಾನ್ಯದ ಮೂಟೆಯಲ್ಲಿ ಹುಳ ಬೀಳದಂತೆ ಇಡುತ್ತಿದ್ದ ಸೊಪ್ಪು ಇದೇ. ದನ ಬಾಯಿ ಹಾಕುವುದಿಲ್ಲ, ಆದ್ದರಿಂದ ಬೇಲಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಇನ್ನು ಕೆಲವು ಜೋಡಿಗಳು, ಬೇಗ ಬೇಗ

ಕಳ್ಳಿಗಳು: ಪಾಪಸ್‌ಕಳ್ಳಿಯನ್ನು ಚುಚ್ಚಿದರೆ ನೀರುನೀರಾದ ಲೋಳೆ, ಚದುರಗಳ್ಳಿಯನ್ನು ಚುಚ್ಚಿದರೆ ಬಿಳಿ ಹಾಲು. ಪಾಪಸ್‌ಕಳ್ಳಿಯ ಕುಲವಿಡೀ ಅಮೆರಿಕ ಖಂಡದ್ದು, ಚದುರಗಳ್ಳಿ ಇಲ್ಲಿಯದು. ಆದರೆ ಹಾಲಿದ್ದ ಮಾತ್ರಕ್ಕೆ ಇಲ್ಲಿಯದು ಎನ್ನಬೇಡಿ. ಎಲೆಯಿಲ್ಲದ ಪೆನ್ಸಿಲ್ಲಿನಂಥ ಕಡ್ಡಿಗಳ ಕಡ್ಡಿಗಳ್ಳಿಗೂ ಹಾಲಿದೆ, ಅದು ಆಫ್ರಿಕಾದಿಂದ ಬೇಲಿಗೆಂದು ಬಂದದ್ದು. ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲಗಳನ್ನೇ ನುಂಗಿದ್ದ ಪಾಪಸ್‌ಕಳ್ಳಿ ಇಂದು ಅಲ್ಲಲ್ಲಿ ಮಾತ್ರ ಉಳಿದಿರುವುದಕ್ಕೆ ಕಾರಣ 1926ರಲ್ಲಿ ಸಿಂಹಳದಿಂದ ತಂದು ಬಿಟ್ಟ ಒಂದು ಬಿಳಿ ಹಿಟ್ಟಿನಂಥ ಕೀಟ. ಈಗಲೂ ಕಳ್ಳಿಯ ಮೇಲೆ ಹತ್ತಿಯ ಚೂರಿನಂಥದ್ದು ಕಂಡರೆ ಕಡ್ಡಿಯಿಂದ ಒತ್ತಿ ನೋಡಿ, ಕಡುಗೆಂಪು ರಸ ಬರುತ್ತದೆ.

ಹಳದಿ ಹೂಗಳು: ತಂಗಡಿಯ ಎಲೆ ಹೊರಡುವ ಜಾಗದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟ ಎಲೆ ಜೋಡಿಯಾಗಿ ಕಡ್ಡಿಯನ್ನು ಅಪ್ಪಿಕೊಂಡಿರುತ್ತದೆ. ಈ ಕಿವಿ ಕಂಡರೆ ತಂಗಡಿಯೇ, ಅದರ ಹತ್ತಿರದ ಬೇರೆ ಹಳದಿ ಹೂವಿನ ಗಿಡಗಳಿಗೆ ಅದಿಲ್ಲ. ಕಕ್ಕೆ ಮರದ ಹೂಗೊಂಚಲು ಏಪ್ರಿಲ್, ಮೇ ಹೊತ್ತಿಗೆ ಕೆಳಕ್ಕೆ ಇಳಿಬೀಳುತ್ತದೆ, ಎಲೆಯ ದಳಗಳು ಅಂಗೈಯಷ್ಟು ದೊಡ್ಡವು. ಬಂಡೀಪುರ, ನಾಗರಹೊಳೆಗಳಲ್ಲಿ ಹಬ್ಬುತ್ತಿರುವ ಅಮೆರಿಕದ ಸೆನ್ನಾ ಸ್ಪೆಕ್ಟಾಬಿಲಿಸ್ ಗೊಂಚಲನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ದಳಗಳು ಸಣ್ಣವು, ಬಹಳ ಜೋಡಿ. ದೂರದಿಂದ ಕಕ್ಕೆಯೆಂದು ಸಂತೋಷಪಡುವ ಮುನ್ನ ಗೊಂಚಲು ಯಾವ ಕಡೆಗಿದೆ ನೋಡಿ.

ತುಳಸಿಯ ಬಳಗ: ಹಿಪ್ಟಿಸ್ ಎಂಬ ನಾಯಿತುಳಸಿಯ ನೀಲಿ ಹೂ ಎಲೆಯ ಕಂಕುಳಲ್ಲಿ ಪುಟ್ಟ ಗೊಂಚಲಾಗಿ ಬರುತ್ತದೆ, ತುಳಸಿಯ ಹಾಗೆ ತುದಿಯಲ್ಲಿ ಉದ್ದನೆಯ ತೆನೆಯಾಗುವುದಿಲ್ಲ. ಒಣಗಿದ ಪುಷ್ಪಪಾತ್ರೆ ಮುಟ್ಟಿದರೆ ಚುಚ್ಚುತ್ತದೆ. ತುಂಬೆಯದು ಬಿಳಿ ತುಟಿಯ ಹೂ, ಕಡ್ಡಿಯ ಸುತ್ತ ಗುಂಡಾಗಿ ಕೂತದ್ದು. ಅದು ನಮ್ಮದು, ಶಿವನಿಗೆ ಏರುವ ಹೂ.

ಪಾರ್ಥೇನಿಯಂಗೆ ಜೋಡಿ ಹುಡುಕುವುದಕ್ಕಿಂತ ಎಳೆಯದರಲ್ಲೇ ಗುರುತಿಸುವುದು ಮುಖ್ಯ. ಹೂ ಬಂದಮೇಲೆ ಎಲ್ಲರಿಗೂ ಗೊತ್ತಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಹುಟ್ಟಿದ ಹೊಸತರಲ್ಲಿ ಅದರ ಎಲೆಗಳು ನೆಲಕ್ಕೆ ಒತ್ತಿಕೊಂಡು ಚಕ್ರದ ಹಾಗೆ ಹರಡಿರುತ್ತವೆ, ಕ್ಯಾರೆಟ್ ಎಲೆಯ ಹಾಗೆ ಸೀಳು ಸೀಳು. ಮೊಳೆತು ಒಂದು ತಿಂಗಳು, ಒಂದೂವರೆ ತಿಂಗಳಿಗೆಲ್ಲ ಹೂ ಬಿಡುತ್ತದೆ. ಭಾರತದಲ್ಲಿ ಇದು ಎಲ್ಲರ ಗಮನಕ್ಕೆ ಬಂದದ್ದು 1955ರ ಹೊತ್ತಿಗೆ ಪುಣೆಯಲ್ಲಿ. ಎಲೆಯ ಮೇಲೆ ಕಂದು ಗೆರೆಗಳ ಕೆನೆಬಣ್ಣದ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಅದನ್ನು ಮೆಕ್ಸಿಕೋದಿಂದ ತರಿಸಿ, ಈ ಗಿಡವನ್ನು ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು.

ಹುಲ್ಲುಗಳ ವಿಷಯ ಇಲ್ಲಿ ಎತ್ತುವುದಿಲ್ಲ, ಅವಕ್ಕೆ ಬೇರೆಯೇ ಕಣ್ಣು ಬೇಕು. ಆದರೆ ಒಂದು ಮಾತು: ಮಧುಗಿರಿ ಹತ್ತಿರದ ಜಯಮಂಗಲಿ ಕೃಷ್ಣಮೃಗ ಧಾಮದಂಥ ಹುಲ್ಲುಗಾವಲನ್ನು ಕಂಡು ಬಂಜರು ಎನ್ನಬೇಡಿ. ಮರವಿಲ್ಲದಿರುವುದೇ ಅಲ್ಲಿನ ಸಹಜ ಸ್ಥಿತಿ. ಅಲ್ಲಿ ನೀಲಗಿರಿ ನೆಟ್ಟರೆ ನಾವೇ ಹೊರಗಿನ ಗಿಡವನ್ನು ತಂದಂತೆ.

ಎಲ್ಲಿಯದು ಎಂದು ತಿಳಿಯುವುದು ಹೇಗೆ

ಗಿಡದ ಜಾತಿ ಖಚಿತವಾದ ಮೇಲಷ್ಟೇ ಈ ಪ್ರಶ್ನೆ. ಗಿಡವನ್ನು ಎಷ್ಟು ನೋಡಿದರೂ ಅದರ ಮೂಲ ತಿಳಿಯುವುದಿಲ್ಲ, ಹೆಸರನ್ನು ಹಿಡಿದು ದಾಖಲೆಯಲ್ಲಿ ಹುಡುಕಬೇಕು. ಲಂಡನ್ನಿನ ಕ್ಯೂ ಗಾರ್ಡನ್ಸ್ ನಡೆಸುವ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಸಸ್ಯಶಾಸ್ತ್ರದ ಹೆಸರು ಹಾಕಿದರೆ ನಕ್ಷೆ ಬರುತ್ತದೆ. ಹಸಿರು ಬಣ್ಣದ ಜಾಗ ಮೂಲ ನೆಲೆ, ನೇರಳೆ ಬಣ್ಣದ್ದು ಆಮೇಲೆ ತಲುಪಿದ ಜಾಗ. ಕರ್ನಾಟಕದ ಗಿಡಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹ, ಇದೆ; ಅದರ ಹೆಸರು ಹರ್ಬೇರಿಯಂ ಜೆಸಿಬಿ (ಅಗೆಯುವ ಯಂತ್ರವಲ್ಲ, ಸಂಗ್ರಹದ ಸಂಕೇತಾಕ್ಷರ). ಅದರ ತಾಣದಲ್ಲಿ ಒಣಗಿಸಿಟ್ಟ ಮಾದರಿಗಳ ಚಿತ್ರಗಳಿವೆ, ಯಾವ ಜಿಲ್ಲೆಯಲ್ಲಿ ಸಿಕ್ಕಿದೆ ಎಂಬುದೂ ಇದೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಫೋಟೊ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ. ಮೊಬೈಲಿನ ಆ್ಯಪ್ ಕೊಡುವ ಮೊದಲ ಉತ್ತರವನ್ನು ಊಹೆ ಎಂದು ತೆಗೆದುಕೊಂಡು ಮೇಲೆ ಹೇಳಿದ ಕೈಪರೀಕ್ಷೆಗೆ ಒಡ್ಡಿ.

ಊಹೆಗಳಲ್ಲಿ ಕೆಲವು ನಮ್ಮನ್ನು ತಪ್ಪುದಾರಿಗೆ ಎಳೆಯುತ್ತವೆ. ಪೂಜೆಗೆ ಬಳಸುತ್ತೇವೆ, ಆದ್ದರಿಂದ ಇಲ್ಲಿಯದು ಎಂಬುದು ಒಂದು. ಆಯುಧಪೂಜೆಗೆ ರಾಶಿ ಹಾಕುವ ಚೆಂಡುಹೂ ಮೆಕ್ಸಿಕೋ ಕಡೆಯದು, ಗುಡಿಯ ಸುತ್ತ ತಾನಾಗಿ ಬೆಳೆಯುವ ಕಾಶಿ ಕಣಗಿಲೆ ಮಡಗಾಸ್ಕರಿನದು. ಔಷಧಿಗೆ ಬಳಸುತ್ತೇವೆ ಎಂಬುದೂ ಸಾಕ್ಷಿಯಲ್ಲ, ಗಾಯಕ್ಕೆ ಹಿಂಡುವ ಗಬ್ಬು ಶಾವಂತಿಗೆಯೇ ಅದಕ್ಕೆ ಉದಾಹರಣೆ. ಮುಟ್ಟಿದರೆ ಮುನಿಯನ್ನು ಕಂಡು ಅದು ನಮ್ಮದಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ, ಅದರ ಮೂಲವೂ ದಕ್ಷಿಣ ಅಮೆರಿಕ. ಸಸ್ಯಶಾಸ್ತ್ರದ ಹೆಸರಿನಲ್ಲಿ ಇಂಡಿಕಾ ಇದೆ ಎಂಬುದನ್ನೂ ನಂಬಬೇಡಿ, ಟಮರಿಂಡಸ್ ಇಂಡಿಕಾ ಎಂಬ ಹುಣಸೆಯ ಮೂಲ ಆಫ್ರಿಕಾ.

ಹುಣಸೆಯ ಮಾತು ಬಂದಾಗ ಮಕ್ಕಳು ಗಾಬರಿಯಾಗುತ್ತಾರೆ. “ದೊಡ್ಡಮ್ಮಾ, ಹಂಗಾರೆ ಅದ್ನೂ ಕಡೀಬೇಕಾ?” ಎಂದು ಒಬ್ಬ ಕೇಳಿದ. ಕಡಿಯಬೇಕಿಲ್ಲ. ಹೊರಗಿನಿಂದ ಬಂದದ್ದು ಬೇರೆ, ಹಬ್ಬಿ ಹಾಳುಮಾಡುವುದು ಬೇರೆ. ಹುಣಸೆ ಎಷ್ಟೋ ಶತಮಾನಗಳಿಂದ ಇಲ್ಲಿದೆ, ಗುಡ್ಡವನ್ನು ಆಕ್ರಮಿಸಿಲ್ಲ. ಸೀತಾಫಲ ತಾನಾಗಿ ಬೆಳೆದು ಊರುಗೊಂಡಿದೆ. ಲಂಟಾನ, ಪಾರ್ಥೇನಿಯಂ, ಬಳ್ಳಾರಿ ಜಾಲಿಗಳು ಬೇರೆ ಗಿಡಗಳ ಜಾಗವನ್ನೇ ಕಿತ್ತುಕೊಳ್ಳುತ್ತವೆ.

ನಮ್ಮ ದೇಶದ್ದು ಎಂಬುದಕ್ಕೂ ನಮ್ಮ ಸೀಮೆಯದು ಎಂಬುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಹಲಸು ಪಶ್ಚಿಮ ಘಟ್ಟದ ಮರ, ನಮ್ಮ ತೋಟಗಳಲ್ಲಿ ನೆಟ್ಟಿದ್ದರಿಂದ ಇದೆ. ನಮ್ಮ ಒಣ ಗುಡ್ಡಕ್ಕೆ ಗಿಡ ನೆಡುವವರು ಮಲೆನಾಡಿನ ಸಸಿ ತಂದರೆ ಅದು ಸ್ಥಳೀಯವಾಗುವುದಿಲ್ಲ. ದೇವರಾಯನದುರ್ಗದ ಓರೆಯಲ್ಲೋ ನಿಮ್ಮೂರ ಹಳೆಯ ಗುಂಡುತೋಪಿನಲ್ಲೋ ತಾನಾಗಿ ಏನಿದೆ ನೋಡಿ, ಅದನ್ನೇ ನೆಡಿ.

ಹೊರಡುವ ಮುನ್ನ, ಬಂದ ಮೇಲೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ನೋಟ್‌ಬುಕ್, ಹಳೆಯ ಪತ್ರಿಕೆ, ದಪ್ಪ ಬಟ್ಟೆಯ ಕೈಗವಸು. ಫೋಟೊ ತೆಗೆಯುವಾಗ ಹೂವಿನದು ಒಂದೇ ತೆಗೆದು ಬರಬೇಡಿ. ಗಿಡ ನಿಂತ ಜಾಗದೊಡನೆ ಇಡೀ ಗಿಡ, ಎಲೆಯ ಮೇಲ್ಭಾಗ, ಕೆಳಭಾಗ, ಎಲೆ ಕಡ್ಡಿಗೆ ಸೇರುವ ಗೆಣ್ಣು, ಹೂ ಮುಂದಿನಿಂದ ಮತ್ತು ಪಕ್ಕದಿಂದ, ಕಾಯಿ ಇದ್ದರೆ ಕಾಯಿ. ಗೆಣ್ಣಿನ ಫೋಟೊ ಇಲ್ಲದೆ ಎಷ್ಟೋ ಗಿಡಗಳ ಗುರುತು ಅರ್ಧಕ್ಕೇ ನಿಲ್ಲುತ್ತದೆ.

ಮಾದರಿ ಒಣಗಿಸುವುದಾದರೆ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಒಂದು ಎಲೆಯನ್ನು ಮಗುಚಿ ಇಟ್ಟು, ಮೇಲೆ ಭಾರ ಹೇರಿ, ಹಾಳೆಯನ್ನು ದಿನವೂ ಬದಲಿಸಿ. ಹೂವಿನ ಬಣ್ಣ, ವಾಸನೆ, ರಸ, ದಿನಾಂಕ, ಜಾಗ ಇವನ್ನು ಅಲ್ಲೇ ಬರೆದುಕೊಳ್ಳಿ, ಒಣಗಿದ ಮೇಲೆ ಬಣ್ಣವೂ ವಾಸನೆಯೂ ಉಳಿಯುವುದಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಒಂದು ಕಡ್ಡಿಯನ್ನೂ ಕೀಳಬೇಡಿ, ಫೋಟೊ ಸಾಕು. ಮರಗಳಿಗೆ ಫೆಬ್ರವರಿಯಿಂದ ಮೇ ತನಕ ಹೋಗಿ, ಮುತ್ತುಗ, ಹೊಂಗೆ, ಕಕ್ಕೆ ಸಾಲಾಗಿ ಹೂ ಬಿಡುತ್ತವೆ. ಸಣ್ಣ ಗಿಡಗಳಿಗೆ ಸೆಪ್ಟೆಂಬರಿನಿಂದ ನವೆಂಬರ್ ಒಳ್ಳೆಯ ಕಾಲ.

ಕೀಳುವ ಕೆಲಸಕ್ಕೆ ಇಳಿಯುವ ಮೊದಲು ಆ ಜಾಗದಲ್ಲಿ ಉಳಿಸಬೇಕಾದವಕ್ಕೆ ಹಳೆ ಸೀರೆಯ ಚಿಂದಿ ಕಟ್ಟಿ. ತಂಗಡಿ ಸಸಿ, ಲಕ್ಕಿ, ಬಂದರಿಕೆ, ಕವಳಿ, ಎಲ್ಲಕ್ಕೂ. ಕಟ್ಟಿದ ಮೇಲೆಯೇ ಕುಡುಗೋಲು ಹೊರಗೆ ತೆಗೆಯುವುದು. ಪಾರ್ಥೇನಿಯಂ ಅನ್ನು ಹೂ ಬರುವ ಮುನ್ನ, ಮಳೆ ಬಂದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿ ಬೇರುಸಮೇತ ಎಳೆಯಿರಿ. ಅದು ಚರ್ಮಕ್ಕೆ ಕೆರೆತ ತರುತ್ತದೆ, ಉಬ್ಬಸ ಇರುವವರು ಹತ್ತಿರ ಹೋಗದಿರುವುದೇ ಒಳ್ಳೆಯದು. ಲಂಟಾನವನ್ನು ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ, ಬೇರು ಶುರುವಾಗುವ ಬುಡದಿಂದಲೇ ಕತ್ತರಿಸಿ ಕಿತ್ತು ತಲೆಕೆಳಗಾಗಿ ಒಣಗಲು ಬಿಡಬೇಕು. ಖಾಲಿಯಾದ ಬೇಲಿಯ ಸಾಲಿನಲ್ಲಿ ಮುಂಗಾರು ಹಿಡಿದ ಕೂಡಲೇ ಲಕ್ಕಿಯ ಬಲಿತ ಕಡ್ಡಿಗಳನ್ನು ಮೊಳದುದ್ದ ಕತ್ತರಿಸಿ, ಅರ್ಧ ಮಣ್ಣಿಗೆ ಹೋಗುವಂತೆ ಒತ್ತೊತ್ತಾಗಿ ಊರಿ. ಮೊದಲ ವರ್ಷ ಅದರ ನಡುವೆ ಲಂಟಾನ ಮತ್ತೆ ಮತ್ತೆ ಇಣುಕುತ್ತದೆ. ಎಲೆ ಒಂಟಿಯಾಗಿ, ಒರಟಾಗಿದ್ದರೆ ಕಿತ್ತುಹಾಕಿ, ಬೆರಳು ಬೆರಳಾಗಿ ಬಿಡಿಸಿಕೊಂಡಿದ್ದರೆ ಬಿಟ್ಟುಬಿಡಿ.